ರೂಟ್ ತುಂಬಿದೆ, ಹೋಮ್ ಖಾಲಿ ಬಿದ್ದಿದೆ: ಜಾಗ ಕಿತ್ತು ಕೊಡೋದು ಹೇಗೆ?

ಬೆಣ್ಣೆದೋಸೆ: ರಾಕಿ ಲಿನಕ್ಸ್ 9, ಒಂದು ಟಿಬಿ ಡಿಸ್ಕ್. ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್ ಎಲ್ಲ ಆಟೊಮ್ಯಾಟಿಕ್ ಅಂತ ಬಿಟ್ಟಿದ್ದೆ. ಅದು ರೂಟ್‌ಗೆ (ಸಿಸ್ಟಮ್ ಇರುವ ಭಾಗ) 70 ಜಿಬಿ ಕೊಟ್ಟು ಮಿಕ್ಕಿದ್ದನ್ನೆಲ್ಲ ಹೋಮ್‌ಗೆ (ಬಳಕೆದಾರರ ಫೈಲ್ ಇರುವ ಭಾಗ) ಸುರಿದಿದೆ. ಈಗ ಡೇಟಾಬೇಸ್ ಬೆಳೆದು ರೂಟ್ 97 ಪರ್ಸೆಂಟ್. ಹೋಮ್‌ನಲ್ಲಿರುವುದು ಬರೀ 6 ಜಿಬಿ. ಎರಡಕ್ಕೂ ಜಾಗ ಕೊಡುವ ವಾಲ್ಯೂಮ್ ಗ್ರೂಪ್‌ನಲ್ಲಿ ಖಾಲಿ ಜಾಗ ಸೊನ್ನೆ. ಹೋಮ್‌ನಿಂದ 400 ಜಿಬಿ ತೆಗೆಯಬಹುದಾ? ಎರಡರ ಫೈಲ್‌ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಎಕ್ಸ್‌ಎಫ್‌ಎಸ್.

ಸರ್ವರ್ ಸಿದ್ದ: ಡಿಸ್ಕ್ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ಎಲ್‌ವಿಎಂ ಇರುವುದೇ ಇದಕ್ಕೆ ಅಲ್ವಾ? ಎಲ್‌ವಿರೆಡ್ಯೂಸ್ ಹೊಡೆದು ಹೋಮ್ ಕುಗ್ಗಿಸಿ, ಎಲ್‌ವಿಎಕ್ಸ್‌ಟೆಂಡ್ ಹೊಡೆದು ರೂಟ್ ಹಿಗ್ಗಿಸಿ. ಐದು ನಿಮಿಷದ ಕೆಲಸ.

ಹಳೇ ಯುನಿಕ್ಸ್: ದಯವಿಟ್ಟು ಬೇಡಿ. ಎಕ್ಸ್‌ಎಫ್‌ಎಸ್ ಕುಗ್ಗುವುದಿಲ್ಲ. ಕೆಳಗಿನ ವಾಲ್ಯೂಮ್ ಕತ್ತರಿಸಿದರೂ ಮೇಲಿನ ಫೈಲ್‌ಸಿಸ್ಟಮ್ ತಾನು ಮೊದಲಿನಷ್ಟೇ ಇದ್ದೇನೆ ಅಂದುಕೊಂಡಿರುತ್ತದೆ. ಈಗಿನ ಎಲ್‌ವಿಎಂ ಆದರೆ ತಡೆಯುತ್ತದೆ. ಹಳೆಯದು ಒಂದು ಎಚ್ಚರಿಕೆ ಕೊಡುತ್ತದೆ, ನೀವು ವೈ ಒತ್ತಿದರೆ ಕತ್ತರಿಸಿಯೇ ಬಿಡುತ್ತದೆ. 6 ಜಿಬಿ ತಾನೇ? ಹೊರಗಿನ ಡಿಸ್ಕ್‌ಗೆ ಎಕ್ಸ್‌ಎಫ್‌ಎಸ್‌ಡಂಪ್‌ನಿಂದ ಬ್ಯಾಕಪ್ ಮಾಡಿ. ಹೋಮ್ ಅಳಿಸಿ, ಚಿಕ್ಕದಾಗಿ ಮತ್ತೆ ಮಾಡಿ, ವಾಪಸ್ ಹಾಕಿ.

ಸರ್ವರ್ ಸಿದ್ದ: "ಈಗಿನ ಎಲ್‌ವಿಎಂ ತಡೆಯುತ್ತದೆ" ಅಂತ ನೀವೇ ಹೇಳಿದಿರಿ. ಮತ್ತೆ ಅಪಾಯ ಎಲ್ಲಿ? ಸುಮ್ನೆ ಹೆದರಿಸಬೇಡಿ ಸಾರ್.

ಕೆರ್ನಲ್ ಕಿಟ್ಟಿ: "ಎಕ್ಸ್‌ಎಫ್‌ಎಸ್ ಕುಗ್ಗುವುದಿಲ್ಲ" ಅನ್ನುವುದು ಯಾವ ಕಾಲದ ಮಾತು? 2021ರಲ್ಲೇ, 5.13 ಕೆರ್ನಲ್‌ಗೆ (ಲಿನಕ್ಸ್‌ನ ತಿರುಳು) ಅದು ಬಂದಿದೆ. ರಾಕಿ 9ರದ್ದು 5.14.

ಹಳೇ ಯುನಿಕ್ಸ್: ಬಂದಿದ್ದು ಏನು ಅಂತ ಪೂರ್ತಿ ಓದಿ ಕಿಟ್ಟಿ. ಎಕ್ಸ್‌ಎಫ್‌ಎಸ್ ತನ್ನ ಜಾಗವನ್ನು ಅಲೊಕೇಶನ್ ಗ್ರೂಪ್ ಅನ್ನುವ ತುಂಡುಗಳಾಗಿ ಇಟ್ಟುಕೊಳ್ಳುತ್ತದೆ. ಕೊನೆಯ ಗ್ರೂಪ್‌ನ ತುದಿಯಲ್ಲಿ ಖಾಲಿ ಇರುವ ಜಾಗ ಮಾತ್ರ ಕತ್ತರಿಸಬಹುದು. ಇಡೀ ಗ್ರೂಪ್ ತೆಗೆಯಲು ಬರುವುದಿಲ್ಲ.

ಕೆರ್ನಲ್ ಕಿಟ್ಟಿ: "ಕತ್ತರಿಸಬಹುದು" ಅಂದಿರಿ. ಅಂದರೆ ಕುಗ್ಗುತ್ತದೆ. ಥ್ಯಾಂಕ್ಸ್.

ಹಳೇ ಯುನಿಕ್ಸ್: ಅವರು ಕೇಳಿದ್ದು 400 ಜಿಬಿ ಮಾರಾಯ! ಹೋಮ್ ಹತ್ತಿರಹತ್ತಿರ 850 ಇರಬೇಕು. ಮಾಮೂಲಾಗಿ ನಾಲ್ಕು ಗ್ರೂಪ್. ಒಂದೊಂದು 210ರ ಆಸುಪಾಸು. ಎಷ್ಟು ಎಳೆದಾಡಿದರೂ ಅಷ್ಟನ್ನು ದಾಟುವುದಿಲ್ಲ.

ಕೆರ್ನಲ್ ಕಿಟ್ಟಿ: "ಇರಬೇಕು", "ಮಾಮೂಲಾಗಿ". ಅಂದಾಜಿನ ಮೇಲೆ ಸರ್ವರ್ ನಡೆಸುತ್ತೀರಾ? ಎಕ್ಸ್‌ಎಫ್‌ಎಸ್‌ಇನ್ಫೋ ತೋರಿಸಿ, ಆಮೇಲೆ ಮಾತಾಡೋಣ.

ಬೆಣ್ಣೆದೋಸೆ: ನೋಡಿದೆ. ಎಜಿಕೌಂಟ್ 4, ಅಂದರೆ ನಾಲ್ಕೇ ಗ್ರೂಪ್.

ಕೆರ್ನಲ್ ಕಿಟ್ಟಿ: ಸರಿ, 200 ಜಿಬಿ ಸಿಗುತ್ತದಲ್ಲ. ಅವರಿಗೆ ನಿಜವಾಗಿ 400 ಬೇಕಾ ಅಂತ ಯಾರು ಕೇಳಿದರು?

ಹಳೇ ಯುನಿಕ್ಸ್: ತುದಿಯಲ್ಲಿ ಒಂದು ಫೈಲಿನ ಚೂರು ಕೂತಿದ್ದರೂ ಅಲ್ಲಿಗೇ ನಿಂತಿತು. ಜೊತೆಗೆ ಕುಗ್ಗಿಸಿದ ಕೂಡಲೇ ಕೆರ್ನಲ್ಲೇ ಲಾಗ್‌ನಲ್ಲಿ "ಇದು ಇನ್ನೂ ಪ್ರಯೋಗ, ನಿಮ್ಮ ರಿಸ್ಕ್" ಅಂತ ಬರೆಯುತ್ತದೆ. ಅದನ್ನು ಯಾಕೆ ಹೇಳಲಿಲ್ಲ?

ಕೆರ್ನಲ್ ಕಿಟ್ಟಿ: ಆ "ಪ್ರಯೋಗ" ಬೋರ್ಡ್ ಎಷ್ಟೋ ಫೀಚರ್‌ಗಳ ಮೇಲೆ ವರ್ಷಗಟ್ಟಲೆ ನೇತಾಡಿದೆ. ಬೋರ್ಡ್ ನೋಡಿ ಹೆದರುವವರು ಅಡ್ಮಿನ್ ಕೆಲಸಕ್ಕೆ ಯಾಕೆ ಬರಬೇಕು?

ಹಳೇ ಯುನಿಕ್ಸ್: ನಾಳೆ ಇವರ ಡೇಟಾ ಹೋದರೆ ನೀವು ಬಂದು ಕಟ್ಟಿಕೊಡುತ್ತೀರಾ? ಬಾಯಿಗೆ ಬಂದದ್ದು ಬರೆಯಬೇಡಿ.

ಉಬುಂಟು ಉಮೇಶ: ಎಕ್ಸ್‌ಎಫ್‌ಎಸ್ ಬದಲು ಇಎಕ್ಸ್‌ಟಿ4 ಹಾಕಿದ್ದರೆ ಈ ಗಲಾಟೆಯೇ ಇರುತ್ತಿರಲಿಲ್ಲ. ಆರಾಮಾಗಿ ಕುಗ್ಗುತ್ತದೆ.

ಹಳೇ ಯುನಿಕ್ಸ್: "ಆರಾಮಾಗಿ"! ಮೊದಲು ಅನ್‌ಮೌಂಟ್ ಮಾಡಿ ಬಳಕೆಯಿಂದ ಬಿಡಿಸಬೇಕು, ಆಮೇಲೆ ಎಫ್‌ಎಸ್‌ಸಿಕೆಯಿಂದ ತಪಾಸಣೆ, ಆಮೇಲೆ ಕುಗ್ಗಿಸುವುದು. ರೂಟ್ ಆದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು. ನಡೆಯುತ್ತಿರುವಾಗಲೇ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ.

ಕಡಲತಡಿ: ಅವರ ರೂಟ್ 97ರಲ್ಲಿ ನಿಂತಿದೆ ಮಾರಾಯ್ರೆ, ನೀವು ಇಲ್ಲಿ ಬೋರ್ಡ್ ಓದುತ್ತಾ ಕೂತಿದ್ದೀರಿ. ಹೋಮ್ ಅಳಿಸಿ 50 ಜಿಬಿಗೆ ಮಾಡಿ. ಡೇಟಾಬೇಸ್‌ಗೆ ಬೇರೆ ವಾಲ್ಯೂಮ್ ಮಾಡಿ. ಸರ್ವಿಸ್ ನಿಲ್ಲಿಸಿ ಡೇಟಾ ಕಾಪಿ ಮಾಡಿ, ಹೊಸ ವಾಲ್ಯೂಮನ್ನು ಹಳೆ ಜಾಗದಲ್ಲೇ ಮೌಂಟ್ ಮಾಡಿ, ರೆಸ್ಟೋರ್‌ಕಾನ್ ಓಡಿಸಿ ಫೈಲ್‌ಗಳ ಭದ್ರತಾ ಗುರುತು ಸರಿಮಾಡಿ. ಇಲ್ಲದಿದ್ದರೆ ಭದ್ರತೆ ಕಾಯುವ ಎಸ್‌ಇಲಿನಕ್ಸ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಮಿಕ್ಕಿದ್ದನ್ನು ಗ್ರೂಪ್‌ನಲ್ಲಿ ಯಾರಿಗೂ ಕೊಡದೆ ಇಡಿ.

ಸರ್ವರ್ ಸಿದ್ದ: "ಯಾರಿಗೂ ಕೊಡದೆ"? ದುಡ್ಡು ಕೊಟ್ಟು ತಂದ ಡಿಸ್ಕ್, ಖಾಲಿ ಬಿಡುವುದಾ?

ಕಡಲತಡಿ: ಹಿಗ್ಗಿಸುವುದು ಒಂದು ಕಮಾಂಡ್. ಕುಗ್ಗಿಸುವುದು ಏನು ಅಂತ ಮೇಲಿಂದ ಓದಿಕೊಂಡು ಬನ್ನಿ. ಸ್ನ್ಯಾಪ್‌ಶಾಟ್ (ವಾಲ್ಯೂಮಿನ ಆ ಕ್ಷಣದ ನಕಲು) ತೆಗೆಯಬೇಕಾದರೂ ಆ ಖಾಲಿ ಜಾಗವೇ ಬೇಕು.

ಬೆಣ್ಣೆದೋಸೆ: ಡಂಪ್ ಆಯ್ತು. ಅನ್‌ಮೌಂಟ್ ಮಾಡಿದರೆ "ಟಾರ್ಗೆಟ್ ಈಸ್ ಬಿಝಿ" ಅನ್ನುತ್ತಿದೆ. ಯಾರೂ ಇಲ್ಲ, ನಾನೊಬ್ಬನೇ ಇರುವುದು.

ಕಡಲತಡಿ: ಆ ನೀವೊಬ್ಬರೇ ಕಾರಣ. ನಿಮ್ಮ ಶೆಲ್ಲೇ ಹೋಮ್‌ನೊಳಗೆ ಕೂತಿದೆ. ಲಾಗ್‌ಔಟ್ ಆಗಿ, ಕನ್ಸೋಲ್‌ನಲ್ಲಿ ರೂಟ್ ಅನ್ನುವ ಅಡ್ಮಿನ್ ಯೂಸರ್ ಆಗಿ ಬನ್ನಿ. ಹೊಸ ಹೋಮ್‌ಗೆ ಹಳೆ ಹೆಸರೇ ಇಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಏನನ್ನು ಎಲ್ಲಿ ಮೌಂಟ್ ಮಾಡಬೇಕು ಅನ್ನುವ ಪಟ್ಟಿ) ವಾಲ್ಯೂಮಿನ ಹೆಸರಿರುವ ಮ್ಯಾಪರ್ ದಾರಿಯೇ ಇದ್ದರೆ ಅದನ್ನು ಮುಟ್ಟಬೇಕಿಲ್ಲ.

ಬೆಣ್ಣೆದೋಸೆ: ಆಯ್ತು. ಹೋಮ್ 50, ಡೇಟಾಬೇಸ್ 400. ರೂಟ್‌ಗೂ ಎಲ್‌ವಿಎಕ್ಸ್‌ಟೆಂಡ್‌ನಿಂದ 30 ಸೇರಿಸಿದೆ, ಸರ್ವರ್ ನಡೆಯುತ್ತಿರುವಾಗಲೇ. ಮಿಕ್ಕಿದ್ದು ಖಾಲಿ ಬಿಟ್ಟಿದ್ದೇನೆ.

ಕೆರ್ನಲ್ ಕಿಟ್ಟಿ: ಅಳಿಸುವ ಮೊದಲು ಒಂದು ಸಲ ಕುಗ್ಗಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಹಳೇ ಯುನಿಕ್ಸ್: ಏನು ಗೊತ್ತಾಗುತ್ತಿತ್ತು?

ಸರ್ವರ್ ಸಿದ್ದ: ಕೊನೆಗೂ ಎಲ್‌ವಿಎಕ್ಸ್‌ಟೆಂಡ್‌ನಿಂದಲೇ ಕೆಲಸ ಆಯ್ತು ತಾನೇ? ನಾನು ಹೇಳಿದ್ದೂ ಅದನ್ನೇ.