ಟ್ರ್ಯಾಕ್ಟರ್ ಇಲ್ಲದೆ ಐಸೊಬಸ್ ಕಲಿಯೋದು: ಲ್ಯಾಪ್‌ಟಾಪ್ ಒಂದರಲ್ಲೇ ಎಷ್ಟಾಗುತ್ತೆ?

ಪ್ರಶ್ನೆ
ಸ್ಪ್ರೇಯರ್ ಕಂಟ್ರೋಲರ್‌ಗೆ ಐಸೊಬಸ್ (ಟ್ರ್ಯಾಕ್ಟರ್ ಮತ್ತು ಅದಕ್ಕೆ ಕಟ್ಟೋ ಯಂತ್ರ ಕ್ಯಾನ್ ತಂತಿಯ ಮೇಲೆ ಮಾತಾಡೋ ಮಾನದಂಡ, ಐಎಸ್ಒ 11783) ಕೋಡ್ ಬರೀಬೇಕು. ಲಿನಕ್ಸ್, ಸಿ++ ಬರುತ್ತೆ. ಟ್ರ್ಯಾಕ್ಟರ್ ಇಲ್ಲ, ಟರ್ಮಿನಲ್ (ಚಾಲಕನ ಮುಂದಿನ ಸ್ಕ್ರೀನ್) ಇಲ್ಲ, ಯುಎಸ್‌ಬಿ-ಕ್ಯಾನ್ ಅಡಾಪ್ಟರ್ ಕೂಡ ಇಲ್ಲ. ಆ್ಯಗ್‌ಐಸೊಸ್ಟ್ಯಾಕ್ ಅನ್ನೋ ಓಪನ್ ಸೋರ್ಸ್ ಐಸೊಬಸ್ ಲೈಬ್ರರಿಯ ಉದಾಹರಣೆ ಬಿಲ್ಡ್ ಆಯ್ತು, ಆದರೆ ಕ್ಯಾನ್0 ಅನ್ನೋ ಕ್ಯಾನ್ ಇಂಟರ್‌ಫೇಸ್ ಇಲ್ಲದೆ ಓಡ್ತಿಲ್ಲ. ಏನು ಮಾಡಬಹುದು?

ಉತ್ತರ 1
ಲಿನಕ್ಸ್ ಕರ್ನಲ್‌ನಲ್ಲೇ ವಿಕ್ಯಾನ್ ಅನ್ನೋ ಹುಸಿ ಕ್ಯಾನ್ ಇಂಟರ್‌ಫೇಸ್ ಇದೆ. ಮಾಡ್‌ಪ್ರೋಬ್‌ನಿಂದ ಅದರ ಮಾಡ್ಯೂಲ್ ಲೋಡ್ ಮಾಡಿ. ಐಪಿ ಲಿಂಕ್ ಆ್ಯಡ್ ಕೊಡುವಾಗ ಟೈಪ್ ವಿಕ್ಯಾನ್ ಇರಲಿ, ಹೆಸರು ಮಾತ್ರ ಕ್ಯಾನ್0 ಅಂತಲೇ ಇಡಿ. ಆಗ ಉದಾಹರಣೆಯ ಕೋಡ್ ಮುಟ್ಟಬೇಕಾಗಿಲ್ಲ. ಆಮೇಲೆ ಅಪ್ ಮಾಡಿ. ಬಿಟ್‌ರೇಟ್ ಕೊಡಬೇಡಿ, ವಿಕ್ಯಾನ್‌ಗೆ ಬಿಟ್‌ರೇಟೇ ಇಲ್ಲ. ರೀಬೂಟ್ ಆದಾಗ ಇಷ್ಟನ್ನೂ ಮತ್ತೆ ಮಾಡಬೇಕು.

ಒಂದು ಕಿಟಕಿಯಲ್ಲಿ ಕ್ಯಾನ್‌ಡಂಪ್ (ಬಸ್‌ನ ಮೆಸೇಜ್ ತೋರಿಸೋ ಪ್ರೋಗ್ರಾಂ) ಓಡ್ತಿರಲಿ. ಮೊದಲು ಆ್ಯಗ್‌ಐಸೊ ವರ್ಚುವಲ್ ಟರ್ಮಿನಲ್ (ಲ್ಯಾಪ್‌ಟಾಪ್‌ನಲ್ಲೇ ಓಡೋ ಟರ್ಮಿನಲ್), ನಂತರ ನಿಮ್ಮ ಪ್ರೋಗ್ರಾಂ ಶುರು ಮಾಡಿ. ಕ್ಯಾನ್‌ಡಂಪ್‌ನಲ್ಲಿ ಇವು ಕಾಣಬೇಕು: ಅಡ್ರೆಸ್ ಕ್ಲೇಮ್ (ಪಿಜಿಎನ್, ಅಂದರೆ ಮೆಸೇಜ್ ಬಗೆಯ ನಂಬರ್, 60928), 250 ಮಿಲಿಸೆಕೆಂಡ್ ಕಾಯುವಿಕೆ, ಟರ್ಮಿನಲ್ಲಿನ ಸ್ಟೇಟಸ್ (58880) ಸೆಕೆಂಡಿಗೊಮ್ಮೆ, ನಿಮ್ಮ ಪ್ರೋಗ್ರಾಂ ತನ್ನನ್ನು ಪರಿಚಯಿಸೋ ವರ್ಕಿಂಗ್ ಸೆಟ್ ಮಾಸ್ಟರ್ (65037), ಕೊನೆಗೆ ಆಬ್ಜೆಕ್ಟ್ ಪೂಲ್ (ಟರ್ಮಿನಲ್‌ನಲ್ಲಿ ತೋರಿಸೋ ಸ್ಕ್ರೀನಿನ ವಿವರ). ಪೂಲ್ 1785 ಬೈಟ್ ದಾಟಿದರೆ ಮಾಮೂಲಿ ಟ್ರಾನ್ಸ್‌ಪೋರ್ಟ್ (60416, 60160) ಸಾಲಲ್ಲ, ಎಕ್ಸ್‌ಟೆಂಡೆಡ್ (51200, 50944) ಬೇಕು.

ಇಲ್ಲೊಂದು ಗುಂಡಿ ಇದೆ. ನಿಮ್ಮ ಕಡೆಯಿಂದ ಸೆಕೆಂಡಿಗೊಮ್ಮೆ ಮೇಂಟೆನೆನ್ಸ್ ಮೆಸೇಜ್ ಹೋಗ್ತಿರಬೇಕು. 3 ಸೆಕೆಂಡ್ ಬರದಿದ್ದರೆ ಟರ್ಮಿನಲ್ ನಿಮ್ಮ ಪೂಲನ್ನು ತೆಗೆದುಹಾಕುತ್ತೆ. ಡಿಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಹಾಕಿ ನಿಂತರೆ ಸ್ಕ್ರೀನ್ ಮಾಯ ಆಗೋದು ಇದಕ್ಕೇ. ಬ್ರೇಕ್‌ಪಾಯಿಂಟ್ ಬಿಟ್ಟು ಲಾಗ್ ಬರೆಸಿ.

ಉತ್ತರ 2
ಸ್ಪ್ರೇಯರ್ ಅಂದಮೇಲೆ ವೇಗ ಬೇಕೇ ಬೇಕು. ಟ್ರ್ಯಾಕ್ಟರ್ ಇಸಿಯು (ಬಸ್‌ಗೆ ಸೇರಿದ ಕಂಟ್ರೋಲ್ ಯೂನಿಟ್) ವೇಷ ಹಾಕಿ ಪಿಜಿಎನ್ 65096 (ಚಕ್ರದ ವೇಗ) ಕಳಿಸಿ: ಸೋರ್ಸ್ ಅಡ್ರೆಸ್ 240, ಪ್ರತಿ 100 ಮಿಲಿಸೆಕೆಂಡಿಗೆ. ಮೊದಲ ಎರಡು ಬೈಟ್ ವೇಗ, ಒಂದು ಬಿಟ್‌ಗೆ 0.001 ಮೀ/ಸೆ. 2.2 ಮೀ/ಸೆ ಅಂದರೆ 2200, ಹೆಕ್ಸ್‌ನಲ್ಲಿ 0898. ಚಿಕ್ಕ ಬೈಟ್ ಮುಂದೆ ಬರಬೇಕು, ಹಾಗಾಗಿ 98 08. ಮಿಕ್ಕ ಆರಕ್ಕೆ ಎಫ್‌ಎಫ್, ಅಂದರೆ ಮಾಹಿತಿ ಇಲ್ಲ. ತಿರುಗುಮುರುಗಾಗಿ 08 98 ಅಂತ ಕಳಿಸಿದರೆ ನಿಮ್ಮ ಸ್ಪ್ರೇಯರ್ ಗಂಟೆಗೆ 140 ಕಿ.ಮೀ. ಓಡುತ್ತೆ!

ಪ್ರಶ್ನೆ ಕೇಳಿದವರು
ಸ್ಕ್ರೀನ್ ಬಂತು, ಥ್ಯಾಂಕ್ಸ್. ಅದೇ ಪ್ರೋಗ್ರಾಮಿನ ಎರಡನೇ ಕಾಪಿ ಓಡಿಸಿದರೆ ಎರಡೂ ಎಡವಟ್ಟಾಗುತ್ತೆ, ಯಾಕೆ?

ಉತ್ತರ 1
ಎರಡಕ್ಕೂ 64 ಬಿಟ್‌ನ ನೇಮ್ (ಬಸ್‌ನಲ್ಲಿ ಪ್ರತಿ ಇಸಿಯುವಿನ ಗುರುತಿನ ಸಂಖ್ಯೆ) ಒಂದೇ ಇದೆ. ಅಡ್ರೆಸ್‌ಗೆ ಜಗಳ ಬಂದಾಗ ಚಿಕ್ಕ ನೇಮ್ ಗೆಲ್ಲುತ್ತೆ. ಎರಡೂ ಒಂದೇ ಆದರೆ ಯಾರೂ ಸೋಲಲ್ಲ. ಒಂದರ ನೇಮ್‌ನೊಳಗಿನ ಐಡೆಂಟಿಟಿ ನಂಬರ್ (21 ಬಿಟ್) ಬದಲಿಸಿ. ಬೇಕಂತಲೇ ಒಂದನ್ನು ಸೋಲಿಸಿಯೂ ನೋಡಿ: ಬೇರೆ ಅಡ್ರೆಸ್ ಹಿಡಿಯಲಾಗದ ಇಸಿಯು 254ನೇ ಅಡ್ರೆಸ್‌ನಿಂದ ‘ಸಿಗಲಿಲ್ಲ’ ಅಂತ ಹೇಳಬೇಕು.

ಉತ್ತರ 3
ವಿಕ್ಯಾನ್ ತೋರಿಸದ್ದೂ ಇದೆ. ಕೇಳೋರು ಇಲ್ಲದಿದ್ದರೂ ಅಲ್ಲಿ ಮೆಸೇಜ್ ಹೋದಂತೆಯೇ. ನಿಜವಾದ ಬಸ್‌ನಲ್ಲಿ ಒಂಟಿ ನೋಡ್‌ಗೆ ಅಕ್ನಾಲೆಜ್ ಸಿಗಲ್ಲ, ಎರರ್ ಕೌಂಟರ್ ಏರುತ್ತೆ. ಬಸ್ ಆಫ್ (ಎರರ್ ಹೆಚ್ಚಾಗಿ ನೋಡ್ ಬಸ್‌ನಿಂದ ಹೊರಬೀಳೋದು), ಬಸ್‌ನ 250 ಕೆಬಿಪಿಎಸ್ ತುಂಬಿಹೋಗೋದು ಇವೂ ವಿಕ್ಯಾನ್‌ನಲ್ಲಿ ಕಾಣಲ್ಲ. ಅಡಾಪ್ಟರ್ ತಗೊಂಡರೆ ಎರಡು ತಗೊಳ್ಳಿ. ಮೇಜಿನ ಮೇಲಿನ ತಂತಿಗೆ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಹಾಕಿ. ಪವರ್ ತೆಗೆದು ಕ್ಯಾನ್ ಹೈ ಮತ್ತು ಲೋ ತಂತಿಗಳ ನಡುವೆ ಮೀಟರ್ ಇಟ್ಟರೆ 60ರ ಆಸುಪಾಸು ಬರಬೇಕು. 120 ಬಂದರೆ ಒಂದು ತುದಿ ಬಿಟ್ಟಿದೆ.