ಕೆಲಸದಲ್ಲಿರುವ ಟೀಚರ್‌ಗಳಿಗೆ ಎಂ.ಎಡ್.: ಥೀಸಿಸ್ ಇರುವುದಾ, ಪ್ರಾಜೆಕ್ಟ್ ಇರುವುದಾ?

ಬಿಳಿಹಾಳೆ
ನಾನು ಆರು, ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಟೀಚರ್ ಸರ್ಟಿಫಿಕೇಟ್ ಇದೆ, ಕೆಲಸವೂ ಖಾಯಂ. ಈಗ ಎಂ.ಎಡ್. ಮಾಡಬೇಕು ಅಂತ ಮನಸ್ಸಾಗಿದೆ, ಆದರೆ ಕೆಲಸ ಬಿಡುವ ಹಾಗಿಲ್ಲ. ಎರಡು ಕೋರ್ಸ್ ನೋಡಿದ್ದೇನೆ. ಒಂದು ಕೆಲಸದಲ್ಲಿರುವ ಟೀಚರ್‌ಗಳಿಗೆ ಮಾತ್ರ, ಸಂಜೆ ಮತ್ತು ರಜೆಯಲ್ಲಿ ಕ್ಲಾಸು, ಕೊನೆಗೆ ನಮ್ಮದೇ ತರಗತಿಯಲ್ಲಿ ಒಂದು ಪ್ರಾಜೆಕ್ಟ್. ಇನ್ನೊಂದಕ್ಕೆ ಯಾರು ಬೇಕಾದರೂ ಸೇರಬಹುದು, ಕೊನೆಗೆ ಥೀಸಿಸ್. ಸ್ಟಾಫ್ ರೂಮಿನಲ್ಲಿ ಕೇಳಿದರೆ ಥೀಸಿಸ್ ಇದ್ದರೇನೇ ಬೆಲೆ ಅಂತಾರೆ. ಹೌದಾ? ನನಗೆ ಮುಖ್ಯವಾಗಿ ಬೇಕಿರುವುದು ನನ್ನ ಪಾಠ ಚೆನ್ನಾಗಿ ಆಗುವುದು. ಮಾಡಿದವರು ದಯವಿಟ್ಟು ಹೇಳಿ.

ಸಂಜೆಕ್ಲಾಸು
ಪಾಠ ಚೆನ್ನಾಗಿ ಆಗಬೇಕು ಅನ್ನುವುದೇ ನಿಮ್ಮ ಉದ್ದೇಶ ಆದರೆ ಮೊದಲನೆಯದಕ್ಕೆ ಸೇರಿ. ಪ್ರಾಜೆಕ್ಟ್ ಅಂದರೆ ಸುಲಭದ್ದು ಅಂತ ಜನ ತಿಳಿದುಕೊಂಡಿದ್ದಾರೆ, ಅದು ಸರಿಯಲ್ಲ. ಇಂಥ ಕೋರ್ಸ್‌ಗಳಲ್ಲಿ ಸಾಮಾನ್ಯವಾಗಿ ಮಾಡಿಸುವುದು ಕ್ರಿಯಾ ಸಂಶೋಧನೆ. ಮನೋವಿಜ್ಞಾನಿ ಕರ್ಟ್ ಲೆವಿನ್ 1940ರ ದಶಕದಲ್ಲಿ ಈ ದಾರಿ ಹಾಕಿಕೊಟ್ಟರು. ಆಮೇಲೆ 1970ರ ದಶಕದಲ್ಲಿ ಬ್ರಿಟನ್ನಿನ ಶಿಕ್ಷಣ ತಜ್ಞ ಲಾರೆನ್ಸ್ ಸ್ಟೆನ್‌ಹೌಸ್, ಟೀಚರೇ ಸಂಶೋಧಕ ಆಗಬೇಕು ಅಂತ ಗಟ್ಟಿಯಾಗಿ ವಾದಿಸಿದರು. ಕ್ರಿಯಾ ಸಂಶೋಧನೆ ಅಂದರೆ ಯೋಜನೆ ಮಾಡಿ, ತರಗತಿಯಲ್ಲಿ ಮಾಡಿ ನೋಡಿ, ಏನಾಯ್ತು ಅಂತ ಬರೆದಿಟ್ಟುಕೊಂಡು, ಯೋಚಿಸಿ, ಬದಲಾಯಿಸಿ ಮತ್ತೆ ಮಾಡುವುದು.

ಎಲ್ಲ ನಿಂತಿರುವುದು ಪ್ರಶ್ನೆಯ ಮೇಲೆ. "ಗಣಿತದಲ್ಲಿ ಆಸಕ್ತಿ ಹೆಚ್ಚಿಸುವುದು ಹೇಗೆ" ಅಂತ ಇಟ್ಟುಕೊಂಡರೆ ಮುಗಿಯುವುದೇ ಇಲ್ಲ. ನಿಮ್ಮ ತರಗತಿಯಲ್ಲೇ ನೋಡಿ, 1/8 ದೊಡ್ಡದಾ 1/4 ದೊಡ್ಡದಾ ಅಂದರೆ, ಎಂಟು ನಾಲ್ಕಕ್ಕಿಂತ ದೊಡ್ಡದಲ್ವಾ, ಹಾಗಾಗಿ 1/8 ಅನ್ನುವ ಮಕ್ಕಳು ಸಿಕ್ಕೇ ಸಿಗುತ್ತಾರೆ. ಅವರಿಗೆ ಸಂಖ್ಯಾರೇಖೆಯ ಮೇಲೆ ಎರಡನ್ನೂ ಗುರುತಿಸಲು ಹೇಳಿ, ಆಮೇಲೆ ಅದೇ ಮಗು ಕೊಡುವ ಕಾರಣ ಹೇಗೆ ಬದಲಾಯ್ತು ಅಂತ ಅದರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಉತ್ತರ ಸರಿಯಾದರೆ ಸಾಲದು, ಕಾರಣ ಬದಲಾಗಿದೆಯಾ ನೋಡಬೇಕು. ಇಷ್ಟು ಚಿಕ್ಕ ಪ್ರಶ್ನೆ ಸಾಕು. ಅದರಲ್ಲೇ ಬೇಕಾದಷ್ಟು ಕೆಲಸ ಇದೆ.

ಕೆಂಪುಶಾಯಿ
ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಒಂದು ಸೇರಿಸಬೇಕು. ಡಿಗ್ರಿ ಬಂದ ಮಾತ್ರಕ್ಕೆ ಪಾಠ ಸುಧಾರಿಸುವುದಿಲ್ಲ. ಅಮೆರಿಕದಲ್ಲಿ ಇದನ್ನು ತುಂಬ ಜನ ಅಧ್ಯಯನ ಮಾಡಿದ್ದಾರೆ. ಟೀಚರ್ ಹತ್ತಿರ ಸ್ನಾತಕೋತ್ತರ ಪದವಿ ಇದೆ ಅನ್ನುವುದರಿಂದಲೇ ಮಕ್ಕಳ ಅಂಕದಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ ಅಂತಲೇ ಹೆಚ್ಚಿನವು ಹೇಳುತ್ತವೆ. ಗಣಿತ ಕಲಿಸುವವರು ಗಣಿತದಲ್ಲೇ ಓದಿದ್ದರೆ ಸ್ವಲ್ಪ ಉಪಯೋಗ ಕಂಡಿದ್ದೂ ಇದೆ. ಹಾಗಾಗಿ ಪಠ್ಯಕ್ರಮ ತರಿಸಿಕೊಂಡು ನೋಡಿ, ನಿಮ್ಮ ವಿಷಯ ಅದರಲ್ಲಿ ಎಷ್ಟಿದೆ? ಬರೀ ಆಡಳಿತ, ನಾಯಕತ್ವ, ಶಿಕ್ಷಣದ ಇತಿಹಾಸ ಇದ್ದರೆ ನಿಮ್ಮ ಭಿನ್ನರಾಶಿಗೆ ಏನೂ ಸಿಗಲ್ಲ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಲೀ ಶುಲ್ಮನ್ 1986ರಲ್ಲಿ ಹೇಳಿದ್ದು ಇದನ್ನೇ. ವಿಷಯ ಗೊತ್ತಿರುವುದು ಬೇರೆ, ಆ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಕೊಟ್ಟರೆ ಅವರಿಗೆ ಹತ್ತುತ್ತದೆ ಅಂತ ಗೊತ್ತಿರುವುದೇ ಬೇರೆ. ಎರಡನೆಯದನ್ನು ಹೇಳಿಕೊಡುವ ಕೋರ್ಸ್ ಹುಡುಕಿ.

ಇನ್ನೊಂದು, ಸರ್ಟಿಫಿಕೇಟ್ ಇರುವವರಿಗೆ ಅಂತಲೇ ಮಾಡಿದ ಪದವಿಗಳಲ್ಲಿ ಸಾಮಾನ್ಯವಾಗಿ ಹೊಸ ಸರ್ಟಿಫಿಕೇಟ್ ಸಿಗುವುದಿಲ್ಲ. ಮುಂದೆ ವಿಶೇಷ ಶಿಕ್ಷಣಕ್ಕೋ ಹೆಡ್‌ಮಾಸ್ಟರ್ ಹುದ್ದೆಗೋ ಹೋಗುವ ಯೋಚನೆ ಇದ್ದರೆ ಈ ಪದವಿ ಅದಕ್ಕೆ ನಡೆಯುತ್ತದಾ ಅಂತ ಸೇರುವ ಮೊದಲೇ ಬರಹದಲ್ಲಿ ಕೇಳಿ ತಗೊಳ್ಳಿ. ಸಂಬಳ ಏರುತ್ತದಾ ಅಂತಲೂ ಕೇಳಿ. ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಬಿಳಿಹಾಳೆ
ತುಂಬಾ ಉಪಕಾರ ಆಯ್ತು. 1/8ರ ಉದಾಹರಣೆ ನನ್ನ ತರಗತಿಯನ್ನೇ ನೋಡಿ ಹೇಳಿದ ಹಾಗಿದೆ. ಥೀಸಿಸ್ ಇಲ್ಲದಿದ್ದರೆ ಮುಂದೆ ಪಿಎಚ್.ಡಿ. ದಾರಿ ಮುಚ್ಚುತ್ತದಾ? ಸಮಯದ ಗತಿ ಏನು?

ರಜೆಯಲ್ಲೂಓದು
ಪಿಎಚ್.ಡಿ. ಖಂಡಿತ ಬೇಕು ಅಂತಿದ್ದರೆ ಥೀಸಿಸ್ ಇರುವುದೇ ವಾಸಿ, ಕೆಲವು ಕಡೆ ಅದನ್ನು ಕೇಳುತ್ತಾರೆ. ಸುಮ್ನೆ ಇರಲಿ ಅಂತ ಮಾತ್ರ ತಗೊಳ್ಳಬೇಡಿ.

ಸಮಯದ ಬಗ್ಗೆ: ಓದಿಗಿಂತ ಜಾಸ್ತಿ ಸಮಯ ತಿನ್ನುವುದು ಅನುಮತಿ. ನೀವು ಸಂಶೋಧನೆ ಮಾಡುವುದು ನಿಮ್ಮದೇ ಮಕ್ಕಳ ಮೇಲೆ, ಅವರು ಅಪ್ರಾಪ್ತರು, ಮೇಲಾಗಿ ಅವರಿಗೆ ಅಂಕ ಕೊಡುವವರೂ ನೀವೇ. ಆಗಲ್ಲ ಅಂತ ಹೇಳುವ ಧೈರ್ಯ ಮಗುವಿಗೆ ಎಲ್ಲಿಂದ ಬರಬೇಕು? ಅದಕ್ಕೇ ಪೋಷಕರ ಒಪ್ಪಿಗೆ, ಶಾಲೆಯ ಒಪ್ಪಿಗೆ, ವಿಶ್ವವಿದ್ಯಾಲಯದ ನೈತಿಕ ಸಮಿತಿಯ (ಸಂಶೋಧನೆಯಿಂದ ಯಾರಿಗೂ ಅನ್ಯಾಯ ಆಗದ ಹಾಗೆ ನೋಡಿಕೊಳ್ಳುವವರು) ಒಪ್ಪಿಗೆ ಎಲ್ಲ ಬೇಕಾಗಬಹುದು, ಮತ್ತು ಸಮಿತಿ ಫಾರಂ ತಿದ್ದಿ ತನ್ನಿ ಅಂತ ವಾಪಸ್ ಕಳಿಸುವುದು ಮಾಮೂಲಿ. ಭಿನ್ನರಾಶಿ ಪಾಠ ವರ್ಷಕ್ಕೆ ಒಮ್ಮೆ ಬರುತ್ತದೆ. ಅಷ್ಟರೊಳಗೆ ಒಪ್ಪಿಗೆ ಬರದಿದ್ದರೆ ಇಡೀ ವರ್ಷ ಕಾಯಬೇಕು. ಹಿಂದಿನ ರಜೆಯಲ್ಲೇ ಅರ್ಜಿ ಹಾಕಿಬಿಡಿ. ಒಪ್ಪಿಗೆ ಕೊಡದ ಮಗುವಿಗೂ ಅದೇ ಪಾಠ ಸಿಗಬೇಕು, ಅದರ ಉತ್ತರ ಮಾತ್ರ ನಿಮ್ಮ ಪ್ರಾಜೆಕ್ಟಿನಲ್ಲಿ ಬರಬಾರದು. ಪರೀಕ್ಷೆ ಪೇಪರ್ ತಿದ್ದುವ ತಿಂಗಳಲ್ಲಿ ಎರಡೆರಡು ವಿಷಯ ತಗೊಳ್ಳಬೇಡಿ, ಒಂದೇ ಸಾಕು.

ಸಂಜೆಕ್ಲಾಸು
ಇದು ನಿಜ. ಗೈಡ್ ಯಾರು ಅಂತಲೂ ಈಗಲೇ ವಿಚಾರಿಸಿ ಬಿಳಿಹಾಳೆಯವರೇ. ಶಾಲೆಯಲ್ಲಿ ಪಾಠ ಮಾಡಿ ಬಂದ ಗೈಡ್ ಸಿಕ್ಕರೆ ಅರ್ಧ ಕೆಲಸ ಹಗುರ. ಹಳೆಯ ವಿದ್ಯಾರ್ಥಿಗಳ ಪ್ರಾಜೆಕ್ಟ್ ಲೈಬ್ರರಿಯಲ್ಲಿ ಇದ್ದರೆ ಎರಡು ಮೂರು ಓದಿಕೊಂಡು ಆಮೇಲೆ ಫೀಸು ಕಟ್ಟಿ.