ಒತ್ತಡ ಇಳಿಸುವ ಜಾಲತಾಣದ ಮೊದಲ ಪರದೆಯಲ್ಲಿ ಏನಿರಬೇಕು? ಅನುಭವ ಇದ್ದವರು ತಿಳಿಸಿ

ಮಂಗಳೂರಿನಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಗೆಳತಿಯರೆಲ್ಲ ಸೇರಿ ಒತ್ತಡ ಕಡಿಮೆ ಮಾಡುವ ಕನ್ನಡ ಜಾಲತಾಣ ರೂಪಿಸುತ್ತಿದ್ದೇವೆ. ಮೊದಲು ನೋಂದಣಿ, ಬಳಿಕ ಹತ್ತು ಪ್ರಶ್ನೆಗಳ ಒತ್ತಡ ಪರೀಕ್ಷೆ, ಆಮೇಲೆ ಕಡಲಲೆಯ ಸದ್ದಿನೊಂದಿಗೆ ಉಸಿರಾಟದ ಅಭ್ಯಾಸ, ತಪ್ಪದೆ ದಿನವೂ ಬಂದವರಿಗೆ ಪದಕ ಎಂದು ಯೋಚಿಸಿದ್ದೇವೆ. ಇಂಥದ್ದನ್ನು ಕಟ್ಟಿದವರು, ಬಳಸಿದವರು ದಯವಿಟ್ಟು ಹೇಳಿ.

ಕದ್ರಿಯ ವಿನ್ಯಾಸಕ:

ನೋಂದಣಿಯನ್ನು ತೆಗೆದುಬಿಡಿ. ನಡುರಾತ್ರಿ ನಿದ್ದೆ ಬಾರದೆ, ಎದೆ ಡವಗುಟ್ಟುತ್ತಿರುವಾಗ ಮೊಬೈಲ್ ಕೈಗೆತ್ತಿಕೊಂಡವರಿಗೆ ‘ಒಟಿಪಿ ಬರುವವರೆಗೆ ಕಾಯಿರಿ’ ಎನ್ನುವುದು ಅನ್ಯಾಯ. ಒಂದು ಕಾಲೇಜಿಗಾಗಿ ನಾನು ಇಂಥದ್ದೇ ತಾಣ ಮಾಡಿದ್ದೆ. ಪರೀಕ್ಷೆಯ ಸಮಯದಲ್ಲಿ ಗ್ರಂಥಾಲಯದಲ್ಲಿ ಮಕ್ಕಳ ಪಕ್ಕ ಕುಳಿತು, ಅವರು ಅದನ್ನು ಹೇಗೆ ಬಳಸುತ್ತಾರೆಂದು ಗಮನಿಸಿದೆ. ಹೆಚ್ಚಿನವರು ಮೆನು ತೆರೆಯಲೇ ಇಲ್ಲ. ಕಣ್ಣಿಗೆ ಮೊದಲು ಬಿದ್ದದ್ದನ್ನು ಒತ್ತಿದರು, ಇಲ್ಲವೇ ಮುಚ್ಚಿದರು. ಆದ್ದರಿಂದ ಪುಟ ತೆರೆದೊಡನೆ ಉಸಿರಾಟವೇ ಆರಂಭವಾಗಲಿ: ಒಂದು ವೃತ್ತ ನಾಲ್ಕು ಸೆಕೆಂಡು ಹಿಗ್ಗಲಿ, ಆರು ಸೆಕೆಂಡು ಕುಗ್ಗಲಿ. ನಿಮಿಷಕ್ಕೆ ಆರು ಉಸಿರು. ಉಳಿದ ವಿಷಯಗಳೆಲ್ಲ ಅದರ ಕೆಳಗೆ ಇರಲಿ.

ಚಲಿಸುವ ಚಿತ್ರ ನೋಡಿದರೆ ಕೆಲವರಿಗೆ ತಲೆ ಸುತ್ತುತ್ತದೆ. ಚಲನೆ ಕಡಿಮೆ ಮಾಡುವ ಆಯ್ಕೆ ಮೊಬೈಲ್‌ಗಳಲ್ಲಿ ಇದೆ. ಬಳಸುವವರು ಅದನ್ನು ಆರಿಸಿದ್ದರೆ ನಿಮ್ಮ ಪುಟ ಅದನ್ನು ಗೌರವಿಸಿ, ವೃತ್ತದ ಬದಲು ‘ಉಸಿರು ಎಳೆದುಕೊಳ್ಳಿ’, ‘ನಿಧಾನ ಬಿಡಿ’ ಎಂಬ ಅಕ್ಷರಗಳನ್ನಷ್ಟೇ ತೋರಿಸಲಿ. ಕನ್ನಡಕ್ಕೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಇಲ್ಲದಿದ್ದರೆ ಬಟನ್‌ಗಳಲ್ಲಿ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಇದು ಚಿಕ್ಕ ವಿಷಯವಲ್ಲ, ಕಣ್ಣಿಗೆ ತೊಡಕಾಗುವ ಪುಟದಿಂದ ಮನಸ್ಸಿಗೆ ಸಮಾಧಾನ ಸಿಗುವುದಿಲ್ಲ.

ಪದಕ ಬೇಡವೇ ಬೇಡ. ಒಂದು ದಿನ ತಪ್ಪಿದರೆ ಅದೇ ಹೊಸ ಚಿಂತೆಯಾಗುತ್ತದೆ. ಎಷ್ಟು ಹೊತ್ತು ಪುಟದಲ್ಲಿ ಉಳಿದರು ಎಂಬ ಲೆಕ್ಕವನ್ನು ಗೆಲುವೆಂದು ಮಾರ್ಗದರ್ಶಕರಿಗೆ ತೋರಿಸಬೇಡಿ. ಐದು ನಿಮಿಷಕ್ಕೆ ಹಗುರಾಗಿ ಪುಟ ಮುಚ್ಚಿ ಮಲಗಿದವರಿಂದಲೇ ನಿಮ್ಮ ಶ್ರಮ ಸಾರ್ಥಕ.

ಉಡುಪಿಯ ಆಪ್ತಸಮಾಲೋಚಕಿ:

ಹತ್ತು ಪ್ರಶ್ನೆಗಳು ಎಂದರೆ ಬಹುಶಃ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒತ್ತಡ ಮಾಪಕದ ಕಿರುರೂಪವಿರಬೇಕು. ಅದು ಕಳೆದ ಒಂದು ತಿಂಗಳ ಅನಿಸಿಕೆಯನ್ನು ಕೇಳುತ್ತದೆ, ರೋಗವನ್ನು ಗುರುತಿಸುವುದಿಲ್ಲ. ನಲವತ್ತು ಅಂಕಕ್ಕೆ ಮೂವತ್ತೆರಡು ಎಂದು ಕೆಂಪು ಅಕ್ಷರದಲ್ಲಿ ತೋರಿಸಿದರೆ, ಮೊದಲೇ ಅಂಜಿದವರು ಇನ್ನಷ್ಟು ಅಂಜುತ್ತಾರೆ. ಇಡಲೇಬೇಕೆಂದಿದ್ದರೆ ಕೊನೆಯಲ್ಲಿ, ಬೇಕಾದವರಿಗೆ ಮಾತ್ರ ಇಡಿ.

ಉಸಿರು ಬಿಗಿಹಿಡಿಯುವ ಅಭ್ಯಾಸವನ್ನು ಮೊದಲ ಪರದೆಗೆ ತರಬೇಡಿ. ಗಾಬರಿಯಲ್ಲಿರುವವರಿಗೆ ಅದು ಉಸಿರು ಕಟ್ಟಿದಂತೆ ಅನಿಸಬಹುದು. ಕೆಲವರಿಗೆ ಉಸಿರಿನ ಕಡೆ ಗಮನ ಕೊಡುವುದರಿಂದಲೇ ಭಯ ಹೆಚ್ಚುತ್ತದೆ. ಅವರಿಗಾಗಿ ಪಕ್ಕದಲ್ಲೇ ಇನ್ನೊಂದು ದಾರಿ ಇರಲಿ: ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿಯನ್ನು ಹೆಸರಿಸುವುದು. ಮುಷ್ಟಿ, ಭುಜ, ದವಡೆಯನ್ನು ಒಂದೊಂದಾಗಿ ಬಿಗಿದು ಸಡಿಲಿಸುವ ಜೇಕಬ್‌ಸನ್ ಅವರ ವಿಧಾನವೂ ಮನೆಯಲ್ಲಿ ಸುಲಭವಾಗಿ ಮಾಡುವಂಥದ್ದು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ‘ಬದುಕೇ ಸಾಕಾಗಿದೆ’ ಎನ್ನುವವರಿಗೆ ನಿಮ್ಮ ತಾಣ ಸಂಗೀತ ಕೇಳಿಸಬಾರದು, ಮನುಷ್ಯರ ದನಿಗೆ ಜೋಡಿಸಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ಸಂಖ್ಯೆ 14416, ಶುಲ್ಕವಿಲ್ಲ, ಹಗಲುರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಎಲ್ಲ ಪುಟಗಳಲ್ಲೂ ಇರಲಿ, ಒತ್ತಿದರೆ ನೇರವಾಗಿ ಕರೆ ಹೋಗಲಿ. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯ ವಿವರವನ್ನೂ ಸೇರಿಸಿ. ಎದೆನೋವು ತೋಳಿಗೋ ದವಡೆಗೋ ಹರಡಿದರೆ ಅದನ್ನು ಒತ್ತಡವೆಂದು ಬಗೆಯದೆ 108ಕ್ಕೆ ಕರೆ ಮಾಡಬೇಕೆಂಬ ಸಾಲು ಕೂಡ ಬೇಕು.

ಮಲ್ಪೆಯಿಂದ:

ಕಡಲಲೆಯ ಸದ್ದಿನ ಬಗ್ಗೆ ಹೇಳುತ್ತೇನೆ. ನಮ್ಮ ಮನೆಯವರು ಆಳಸಮುದ್ರದ ಬೋಟಿನಲ್ಲಿ ದುಡಿಯುತ್ತಾರೆ. ಹೊರಟರೆ ವಾರ ಕಳೆದ ಮೇಲೆಯೇ ಬರುವುದು. ಗಾಳಿ ಎದ್ದ ರಾತ್ರಿ ಆ ಸದ್ದು ಕೇಳಿದರೆ ನನಗೆ ನಿದ್ದೆ ಹಾರಿಹೋಗುತ್ತದೆ. 2018ರ ಡಿಸೆಂಬರ್‌ನಲ್ಲಿ ಇಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾದದ್ದನ್ನು ಈ ಊರಿನವರು ಮರೆತಿಲ್ಲ. ಪ್ರವಾಸಕ್ಕೆ ಬರುವವರಿಗೆ ಸಮುದ್ರ ವಿಶ್ರಾಂತಿ ಇರಬಹುದು, ನಮ್ಮಲ್ಲಿ ಅದು ಅನ್ನವೂ ಹೌದು, ಆತಂಕವೂ ಹೌದು. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ಗಂಡಸರು ಮನೆಯಲ್ಲೇ ಇರುತ್ತಾರೆ, ಆದರೆ ಆಗ ಸಾಲದ ಕಂತಿನ ಚಿಂತೆ. ಸದ್ದು ಬೇಕಾದವರು ತಾವೇ ಆರಿಸಿಕೊಳ್ಳಲಿ. ಹಂಚಿನ ಮೇಲೆ ಬೀಳುವ ಮಳೆಯದ್ದೂ ಇರಲಿ.

ನಮ್ಮ ಅತ್ತೆಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಉಸಿರಾಟದ ಸೂಚನೆಯನ್ನು ತುಳುವಿನಲ್ಲಿ, ವಯಸ್ಸಾದ ಹೆಂಗಸೊಬ್ಬರ ದನಿಯಲ್ಲಿ ಹೇಳಿಸಿದರೆ ಅವರು ಖಂಡಿತ ಕೇಳುತ್ತಾರೆ. ಕೊಂಕಣಿ, ಬ್ಯಾರಿ ಮಾತನಾಡುವ ಮನೆಗಳಲ್ಲೂ ಇದೇ ಪರಿಸ್ಥಿತಿ ಇರಬಹುದು.

ಕದ್ರಿಯ ವಿನ್ಯಾಸಕ:

ಮಲ್ಪೆಯ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಪುಟ ಮೌನವಾಗಿಯೇ ತೆರೆಯಲಿ. ಬಸ್ಸಿನಲ್ಲಿ ಕುಳಿತು ತೆರೆದವರ ಮೊಬೈಲ್ ಇದ್ದಕ್ಕಿದ್ದಂತೆ ಕೂಗಿಕೊಂಡರೆ ಅವರಿಗೆ ಮುಜುಗರ. ತುಳು ಧ್ವನಿಯನ್ನು 64 ಕೆಬಿಪಿಎಸ್‌ನಲ್ಲಿ ಉಳಿಸಿದರೆ ಒಂದು ನಿಮಿಷಕ್ಕೆ ಸುಮಾರು ಅರ್ಧ ಎಂಬಿ ಮಾತ್ರ. ಒಮ್ಮೆ ಇಳಿದದ್ದು ಮೊಬೈಲಿನಲ್ಲೇ ಉಳಿಯುವಂತೆ ಮಾಡಿ, ಮಳೆಗಾಲದಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ಒಟ್ಟಿಗೇ ಹೋಗುವ ರಾತ್ರಿಗಳಿಗೆ ಅದು ಬೇಕು.

ನೋಂದಣಿ ಬೇಡ ಎಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು. ಪಿಯುಸಿ ಮಕ್ಕಳು ತಮ್ಮ ದುಗುಡ ಹೇಳಿಕೊಳ್ಳಲು ಅಪ್ಪನ ಅನುಮತಿ ಕೇಳುವುದು ಸಾಧ್ಯವೇ? ಏನನ್ನೂ ಸಂಗ್ರಹಿಸಬೇಡಿ, ಹಾಗೆಂದು ಮೊದಲ ಪರದೆಯಲ್ಲೇ ಒಂದು ಸಾಲಿನಲ್ಲಿ ತಿಳಿಸಿ.

ಬರೆಯಲು ಸಾಮಗ್ರಿ ಬೇಕಿದ್ದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ, ಒತ್ತಡ ನಿಭಾಯಿಸುವ ಸಚಿತ್ರ ಕೈಪಿಡಿಯನ್ನು ನೋಡಿ, ಉಚಿತವಾಗಿ ಸಿಗುತ್ತದೆ. ಕನ್ನಡ ಪಠ್ಯ ಸಿದ್ಧವಾದ ಮೇಲೆ ಕಡಿಮೆ ಬೆಲೆಯ ಮೊಬೈಲೊಂದನ್ನು ಹಿಡಿದು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗಿ, ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರ ಓದಲು ಆಗುತ್ತದೆಯೇ ಎಂದು ಪರೀಕ್ಷಿಸಿ. ಆ ತುಳು ದನಿಗೆ ಯಾರೂ ಸಿಗದಿದ್ದರೆ ತಿಳಿಸಿ, ನನ್ನ ಅಮ್ಮನನ್ನು ಕೇಳುತ್ತೇನೆ.